ಕಡಿಮೆ ಸೋಡಿಯಂ ಉಪ್ಪು: ಸಾರಿಗೆ ಸೈ, ಮಜ್ಜಿಗೆಗೆ ಕಷ್ಟ

ಜನವರಿ ಬಂತೆಂದರೆ ವಾಕಿಂಗ್ ಶೂ, ಓಟ್ಸ್, ಗ್ರೀನ್ ಟೀ ಎಲ್ಲ ಮನೆಗೆ ಬರುತ್ತವೆ, ಫೆಬ್ರವರಿಗೆ ಮೂಲೆ ಸೇರುತ್ತವೆ. ಹೃದಯದ ಹೆಸರಲ್ಲಿ ಕೊಳ್ಳುವ ಸಾಮಾನುಗಳ ಪೈಕಿ ಯಾರ ಛಲವನ್ನೂ ನಂಬಿಕೊಳ್ಳದೆ ದಿನಾ ಖರ್ಚಾಗುವುದು ಉಪ್ಪು ಒಂದೇ. ಹಾಗಾಗಿ ಅಂಗಡಿಯಲ್ಲಿ ಮಾಮೂಲಿ ಉಪ್ಪಿನ ಪಕ್ಕ ಸ್ವಲ್ಪ ದುಬಾರಿ ಬೆಲೆಗೆ ಕೂತಿರುವ ‘ಲೋ ಸೋಡಿಯಂ’ ಪ್ಯಾಕೆಟ್ ಕೊಟ್ಟ ಕಾಸಿಗೆ ತಕ್ಕದ್ದೇ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಮಾಮೂಲಿ ಉಪ್ಪು ಸೋಡಿಯಂ ಕ್ಲೋರೈಡ್. ಅದರ ತೂಕದಲ್ಲಿ ಶೇ. 39ರಷ್ಟು ಸೋಡಿಯಂ. ಅದರಲ್ಲಿ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ್ದೇ ಕಡಿಮೆ ಸೋಡಿಯಂ ಉಪ್ಪು. ಟಾಟಾ ಸಾಲ್ಟ್ ಲೈಟ್ ಪ್ಯಾಕೆಟ್ಟಿನ ಮೇಲೆ ಶೇ. 15 ಕಡಿಮೆ ಎಂದಿದೆ. ಶೇ. 25–30 ಕಡಿಮೆ ಇರುವಂಥವೂ ಸಿಗುತ್ತವೆ. ಮುಂದಿನ ಹೃದಯದ ಚಿತ್ರ ಬಿಟ್ಟು ಪ್ಯಾಕೆಟ್ ತಿರುಗಿಸಿ. 100 ಗ್ರಾಂಗೆ ಸೋಡಿಯಂ ಎಷ್ಟು ಅಂತ ಹಿಂದೆ ಇರುತ್ತದೆ. 38–39 ಸಾವಿರ ಮಿಲಿಗ್ರಾಂ ಇದ್ದರೆ ಮಾಮೂಲಿ ಉಪ್ಪು, 33 ಸಾವಿರದ ಆಸುಪಾಸು ಇದ್ದರೆ ಶೇ. 15ರದ್ದು, 29 ಸಾವಿರ ಇದ್ದರೆ ಶೇ. 25ರದ್ದು. ‘ಅಯೋಡೈಸ್ಡ್’ ಅಂತ ಇದೆಯೋ ಇಲ್ಲವೋ ಅದನ್ನೂ ನೋಡಿ. ಸೈಂಧವ ಲವಣ, ಪಿಂಕ್ ಸಾಲ್ಟ್ ಈ ಸಾಲಿಗೆ ಸೇರುವುದಿಲ್ಲ. ಬಣ್ಣ ಬೇರೆ, ಸೋಡಿಯಂ ಹೆಚ್ಚುಕಡಿಮೆ ಅಷ್ಟೇ, ಎಷ್ಟೋ ಸಲ ಅಯೋಡಿನ್ನೂ ಇರುವುದಿಲ್ಲ. ಬಿಪಿಗೆ ಒಳ್ಳೆಯದು ಅಂತ ಅದಕ್ಕೆ ನಾಲ್ಕು ಪಟ್ಟು ದುಡ್ಡು ಕೊಡುವುದು ದಂಡ.

ಬಳಸುವ ಮುಂಚೆ ಒಂದು ಮಾತು, ಇದನ್ನು ದಾಟಿ ಹೋಗಬೇಡಿ. ಹೆಚ್ಚಿದ ಪೊಟ್ಯಾಸಿಯಂ ಅನ್ನು ಹೊರಹಾಕುವ ಕೆಲಸ ಕಿಡ್ನಿಯದು. ಕಿಡ್ನಿ ಸೋತಿದ್ದರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತದ ಲಯ ಕೆಡಿಸುತ್ತದೆ, ಬಹಳ ಸಲ ಮುನ್ಸೂಚನೆಯೇ ಇಲ್ಲದೆ. ಕಿಡ್ನಿ ತೊಂದರೆ ಇರುವವರು, ಡಯಾಲಿಸಿಸ್‌ನಲ್ಲಿರುವವರು ಮುಟ್ಟಬಾರದು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್, ಸ್ಪೈರನೊಲ್ಯಾಕ್ಟೋನ್ ಇವೆಲ್ಲ ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಮಾತ್ರೆಗಳು. ನಮ್ಮಲ್ಲಿ ಬಿಪಿ, ಹೃದಯದ ತೊಂದರೆ ಇರುವ ಎಷ್ಟೋ ಜನರ ಮಾತ್ರೆ ಡಬ್ಬಿಯಲ್ಲಿ ಇವುಗಳಲ್ಲಿ ಒಂದಾದರೂ ಇರುತ್ತದೆ. ಅಂದರೆ ಈ ಉಪ್ಪು ಯಾರಿಗೆ ಬೇಕೋ ಅವರಲ್ಲೇ ಅನೇಕರು ಮೊದಲು ಡಾಕ್ಟರನ್ನು ಕೇಳಬೇಕಾದವರು. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ, ಎರಡು ರಕ್ತ ಪರೀಕ್ಷೆ ಸಾಕು. ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರ್ ರಕ್ತಕ್ಕೆ 3.5ರಿಂದ 5 ಮಿಲಿಮೋಲ್ (mmol/L) ಒಳಗಿರುತ್ತದೆ. ಒಂದೇ ಪಾತ್ರೆಯಿಂದ ಎಲ್ಲರೂ ಉಣ್ಣುವ ಮನೆಯಲ್ಲಿ ಒಬ್ಬರಿಗೆ ಇದು ಆಗದಿದ್ದರೆ ಅಡುಗೆಗೆ ಹಾಕಲೇಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಮನೆ ಅಡುಗೆಗೆ ಶಿಫಾರಸು ಮಾಡಿದಾಗಲೂ ಗರ್ಭಿಣಿಯರು, ಮಕ್ಕಳು ಮತ್ತು ಕಿಡ್ನಿ ತೊಂದರೆಯವರನ್ನು ಹೊರಗಿಟ್ಟಿತ್ತು.

ಉಳಿದವರಿಗೆ ಲಾಭ ಇದೆಯೇ? ಇದೆ. ಚೀನಾದ 600 ಹಳ್ಳಿಗಳಲ್ಲಿ, ಹಿಂದೆ ಪಾರ್ಶ್ವವಾಯು ಆದ ಅಥವಾ 60 ದಾಟಿ ಬಿಪಿ ಇದ್ದ ಸುಮಾರು 21 ಸಾವಿರ ಜನರ ಮೇಲೆ ಹತ್ತಿರ ಹತ್ತಿರ ಐದು ವರ್ಷ ಅಧ್ಯಯನ ನಡೆಯಿತು. ಅರ್ಧದಷ್ಟು ಹಳ್ಳಿಗಳಿಗೆ ಮುಕ್ಕಾಲು ಪಾಲು ಮಾಮೂಲಿ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ್ದನ್ನು ಕೊಟ್ಟರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಆ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇ. 14 ಕಡಿಮೆ, ಸಾವು ಶೇ. 12 ಕಡಿಮೆ. ಆದರೆ ಅದು ಶೇ. 25ರ ಉಪ್ಪು. ಶೇ. 15ರದ್ದಕ್ಕೂ ಅಷ್ಟೇ ಫಲ ಅಂತ ಅಂದುಕೊಳ್ಳುವ ಹಾಗಿಲ್ಲ.

ಇನ್ನು ರುಚಿ. ಪೊಟ್ಯಾಸಿಯಂ ಕ್ಲೋರೈಡ್ ಉಪ್ಪುಪ್ಪಾಗಿದ್ದರೂ ಹಿಂದೆಯೇ ಲೋಹದಂಥ ಒಂದು ಕಹಿ ಎಳೆದುಕೊಂಡು ಬರುತ್ತದೆ. ಸೌಟಿನಿಂದ ಅಂಗೈಗೆ ಎರಡು ಹನಿ ಹಾಕಿ ನೆಕ್ಕಿದಾಗ ನಾಲಿಗೆ ತುದಿಗೆ ಏನೂ ಗೊತ್ತಾಗದು. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಉಳಿಯುತ್ತದೆ. ಹುಣಸೆ, ಬೆಲ್ಲ, ಮೆಣಸು, ಇಂಗಿನ ಒಗ್ಗರಣೆ ಇರುವ ಸಾರು, ಹುಳಿ, ಗೊಜ್ಜಿನಲ್ಲಿ ಶೇ. 25ರದ್ದನ್ನು ಹಾಕಿದರೂ ಕಹಿ ಮುಚ್ಚಿಹೋಗುತ್ತದೆ. ನಿಂಬೆ ಹಿಂಡಿದ ಕೋಸಂಬರಿ, ಚಿತ್ರಾನ್ನಕ್ಕೂ ಅಡ್ಡಿಯಿಲ್ಲ. ಸಿಕ್ಕಿಬೀಳುವುದು ಸಪ್ಪೆ ಪದಾರ್ಥಗಳಲ್ಲಿ: ಗಂಜಿ, ಮೊಸರನ್ನ, ನೀರು ಮಜ್ಜಿಗೆ. ಮಜ್ಜಿಗೆಗೆ ಶುಂಠಿ, ಕರಿಬೇವು, ಹಸಿಮೆಣಸು ಜಜ್ಜಿ ಹಾಕಿ ಉಪ್ಪನ್ನು ಅರ್ಧಕ್ಕಿಳಿಸಿದರೆ ಕುಡಿಯಬಹುದು. ಮೊಸರನ್ನಕ್ಕೆ ಶೇ. 15ರದ್ದೇ ವಾಸಿ. ಮುದ್ದೆಗಂತೂ ಉಪ್ಪೇ ಬೇಡ, ಆ ಮಟ್ಟಿಗೆ ಮುದ್ದೆ ಉಣ್ಣುವವರು ಮೊದಲೇ ಗೆದ್ದಿದ್ದಾರೆ.

ಈ ಉಪ್ಪು ಎಡವಿಸುವುದು ರುಚಿಯಲ್ಲಲ್ಲ, ಚಮಚದಲ್ಲಿ. ಉಪ್ಪು ಸಾಲದು ಅನ್ನಿಸಿ ಇನ್ನೊಂದು ಚಿಟಿಕೆ ಬೀಳುತ್ತದೆ, ‘ಲೈಟ್ ತಾನೇ’ ಅಂತ ಮತ್ತೊಂದು. ಶೇ. 15ರ ಉಪ್ಪನ್ನು ಐದು ಚಮಚದ ಜಾಗದಲ್ಲಿ ಆರು ಹಾಕಿದರೆ ಸೋಡಿಯಂ ಮೊದಲಿಗಿಂತ ಒಂದು ಕೂದಲೆಳೆ ಜಾಸ್ತಿಯೇ ಆಯಿತು. ಶೇ. 25ರದ್ದಾದರೆ ಮೂರರ ಜಾಗದಲ್ಲಿ ನಾಲ್ಕು ಹಾಕಿದಾಗ ಲಾಭ ಪೂರ್ತಿ ಸೊನ್ನೆ. ಕೈಯಳತೆ ಬಿಟ್ಟು ಡಬ್ಬಿಯಲ್ಲೇ ಒಂದು ಟೀ ಚಮಚ ಇಡಿ, ತಲೆ ತಟ್ಟಿ ಅಳೆಯಿರಿ. ಮಟ್ಟಸ ಚಮಚ ಪುಡಿ ಉಪ್ಪು 5–6 ಗ್ರಾಂ ತೂಗುತ್ತದೆ. ಪಲ್ಯಕ್ಕೆ ಇಳಿಸುವ ಮುಂಚೆ ಹಾಕಿದರೆ ಉಪ್ಪು ಮೇಲ್ಮೈಯಲ್ಲೇ ನಿಂತು ಕಡಿಮೆಗೇ ರುಚಿ ಹತ್ತುತ್ತದೆ. ಅಂಗಡಿಯ ಸಾಂಬಾರ್ ಪುಡಿಯ ಲೇಬಲ್ ಓದಿ, ಕೆಲವದರಲ್ಲಿ ಉಪ್ಪು ಮೊದಲೇ ಬೆರೆತಿರುತ್ತದೆ.

ಪ್ಯಾಕೆಟ್ ಒಡೆದ ದಿನಾಂಕವನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ದಿನಕ್ಕೆ ತಲಾ 5 ಗ್ರಾಂ ಮಿತಿ ಅಂದರೆ ನಾಲ್ಕು ಜನರ ಮನೆಗೆ 20 ಗ್ರಾಂ, ಒಂದು ಕಿಲೋ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬ್ರೆಡ್, ಚಿಪ್ಸ್, ಹೋಟೆಲ್ ತಿಂಡಿಯ ಉಪ್ಪು ಈ ಲೆಕ್ಕಕ್ಕೆ ಬಂದೇ ಇಲ್ಲ, ಆದ್ದರಿಂದ ಎರಡು ತಿಂಗಳು ದಾಟಿದರೆ ಇನ್ನೂ ಒಳ್ಳೆಯದು. 25 ದಿನಕ್ಕೆ ಖಾಲಿಯಾದರೆ ಪ್ಯಾಕೆಟ್ಟಿನ ಮೇಲೆ ಏನೇ ಬರೆದಿದ್ದರೂ ಮನೆಯವರೆಲ್ಲ ದಿನಕ್ಕೆ ತಲಾ 10 ಗ್ರಾಂ ಉಪ್ಪು ತಿನ್ನುತ್ತಿದ್ದಾರೆ ಅಂತಲೇ ಅರ್ಥ.

ಕೊಳ್ಳುವುದಾದರೆ ಕಿಡ್ನಿ, ಮಾತ್ರೆಯ ತಕರಾರಿಲ್ಲದ, ಗರ್ಭಿಣಿಯರು, ಮಕ್ಕಳು ಇಲ್ಲದ, ಹುಳಿಖಾರದ ಅಡುಗೆಯೇ ಹೆಚ್ಚಿರುವ ಮನೆಗೆ ಶೇ. 25ರದ್ದು. ರುಚಿಗೆ ಮುನಿಯುವವರಿದ್ದರೆ ಮೊದಲ ತಿಂಗಳು ಶೇ. 15ರದ್ದು ತಂದು, ಆಮೇಲೆ ಬದಲಾಯಿಸಿ. ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ, ಬಿಗಿ ಮುಚ್ಚಳದ ಗಾಜಿನ ಬಾಟಲಿ ಬೇಕು. ಯುಗಾದಿ ಕಳೆದು ಮಿಡಿ ಮಾವು ಬಂದಾಗ ಉಪ್ಪಿನಕಾಯಿಗೆ ಮಾತ್ರ ಇದನ್ನು ಸುರಿಯಬೇಡಿ. ಮಿಡಿಗೆ ಬೇಕಾಗುವಷ್ಟು ಪ್ರಮಾಣದಲ್ಲಿ ಹಾಕಿದರೆ ಕಹಿ ರಸಕ್ಕೆಲ್ಲ ಇಳಿಯುತ್ತದೆ. ಅದಕ್ಕೆ, ಹಾಗಲಕಾಯಿ ಹಿಂಡುವುದಕ್ಕೆ, ಗಂಟಲು ಮುಕ್ಕಳಿಸುವುದಕ್ಕೆ ಕಲ್ಲುಪ್ಪಿನ ಡಬ್ಬಿ ಬೇರೆ ಇರಲಿ, ಒಲೆಯಿಂದ ದೂರದ ಕಪಾಟಿನಲ್ಲಿ.