ಬಣ್ಣದ ಹರಳು ಬೆಳೆಸುವ ಕಿಟ್: ಆರು ತಿಂಗಳ ಬಳಕೆಯ ನಂತರ

ಪೆಟ್ಟಿಗೆಯ ಮೇಲೆ ಕೆಂಪು, ನೀಲಿ, ಹಸಿರು ಹರಳುಗಳ ಚಿತ್ರ. ಒಳಗಿರುವುದು ಪಟಿಕದ ಪುಡಿ, ತಿನಿಸಿಗೆ ಹಾಕುವಂಥ ಬಣ್ಣ. ಇವೆರಡನ್ನು ಬೆರೆಸಿದರೆ ಚಿತ್ರದಲ್ಲಿರುವ ಹರಳು ಹುಟ್ಟುವುದಿಲ್ಲ, ಬೇಸರವಾಗುವುದು ಇಲ್ಲೇ. ಪಟಿಕ ಹರಳು ಕಟ್ಟುವಾಗ ತನ್ನ ಜೋಡಣೆಗೆ ಹೊಂದದ ದೊಡ್ಡ ಬಣ್ಣದ ಅಣುಗಳನ್ನು ಹೊರಗೇ ಬಿಡುತ್ತದೆ. ಬಣ್ಣ ಮೇಲ್ಮೈಯಲ್ಲಿ, ಬಿರುಕುಗಳಲ್ಲಿ ಉಳಿಯುತ್ತದೆ, ಮುಟ್ಟಿದ ಮಗುವಿನ ಬೆರಳಿಗೂ ಹತ್ತುತ್ತದೆ. ಒಳಗಿಂದಲೇ ನೀಲಿಯಾಗಿ ಬೆಳೆಯುವುದು ಮೈಲುತುತ್ತ, ಅದರಲ್ಲಿ ತಾಮ್ರವೇ ಹರಳಿನ ಭಾಗ. ಆದರೆ ಅದು ವಿಷ, ಚಿಕ್ಕ ಮಕ್ಕಳ ಕೈಗೆ ಬೇಡವೇ ಬೇಡ.

ಕೈಪಿಡಿಯಲ್ಲಿ ಬೀಜದ ಹರಳಿನ, ಅಂದರೆ ದೊಡ್ಡ ಹರಳು ಬೆಳೆಸಲು ಮೊದಲು ದಾರಕ್ಕೆ ಕಟ್ಟುವ ಪುಟ್ಟ ಹರಳಿನ, ಮಾತೇ ಇಲ್ಲ. ಬಿಸಿ ದ್ರಾವಣಕ್ಕೆ ದಾರ ಇಳಿಬಿಟ್ಟು ಮಲಗಿ ಎನ್ನುತ್ತದೆ. ಹಾಗೆ ಮಾಡಿದರೆ ಬೆಳಗ್ಗೆ ಸಿಗುವುದು ಕಲ್ಲುಸಕ್ಕರೆಯ ಚೂರಿನಂಥ ಗೊಂಚಲು.

ಬಣ್ಣದ ಬಾಟಲಿ ಪಕ್ಕಕ್ಕಿಟ್ಟ ಮೇಲೆ ಕೋಪ ಇಳಿಯುತ್ತದೆ, ಏಕೆಂದರೆ ಪುಡಿ ಚೆನ್ನಾಗಿದೆ. ಅಡುಗೆಗೆ ಬಳಸದ ಪಾತ್ರೆಯಲ್ಲಿ 200 ಮಿ.ಲೀ. ಬಿಸಿನೀರಿಗೆ 45 ಗ್ರಾಂ ಕರಗಿಸಿ (ಈ ಕೆಲಸ ದೊಡ್ಡವರದು), ತೆಳುಬಟ್ಟೆಯಲ್ಲಿ ಸೋಸಿ. ಎರಡು ಚಮಚ ತಟ್ಟೆಗೆ ಹಾಕಿಡಿ. ಒಂದೆರಡು ದಿನದಲ್ಲಿ ಕಾಣುವ ಹರಳುಗಳಲ್ಲಿ ಒಂಟಿಯಾಗಿ, ತಿಳಿಯಾಗಿ, 4-5 ಮಿ.ಮೀ. ಇರುವುದನ್ನು ಆರಿಸಿ. ಕಿಟ್‌ನ ಹತ್ತಿದಾರ ಬೇಡ, ಅದರ ಎಳೆ ಎಳೆಗೂ ಮರಿಹರಳು ಕೂರುತ್ತವೆ. ತೆಳು ನೈಲಾನ್ ದಾರ ಕಟ್ಟಿ.

ಉಳಿದ ದ್ರಾವಣ ಪೂರ್ತಿ ಆರಿ, ತಳದಲ್ಲಿ ಹರಳುಪುಡಿ ಕೂತ ಮೇಲೆ ತಿಳಿಯನ್ನಷ್ಟೇ ಬೇರೆ ಲೋಟಕ್ಕೆ ಬಗ್ಗಿಸಿ ಬೀಜವನ್ನು ಇಳಿಬಿಡಿ. ಬೆಚ್ಚಗಿರುವಾಗಲೇ ಇಳಿಸಿದರೆ ಬೀಜ ಕರಗಿ ಬರಿ ದಾರ ಉಳಿಯುತ್ತದೆ. ಲೋಟಕ್ಕೆ ಮುಚ್ಚಳ ಹಾಕದೆ ಕಾಗದ ಹೊದಿಸಿ: ನೀರು ಆವಿಯಾಗಬೇಕು, ಧೂಳು ಬೀಳಬಾರದು. ಬಿಸಿಲು ತಾಗುವ ಕಿಟಕಿಯಲ್ಲಿಟ್ಟರೆ ಮಧ್ಯಾಹ್ನ ದ್ರಾವಣ ಕಾಯ್ದು ಹರಳಿನ ಅಂಚು ಸವೆಯುತ್ತದೆ.

ಇನ್ನು ದಿನದ ಕೆಲಸ. ಬೆಳಗ್ಗೆ ದಾರ ಎತ್ತಿ, ಅದಕ್ಕೆ ಹತ್ತಿದ ಮರಿಹರಳುಗಳನ್ನು ಉಗುರಿನಿಂದ ಕೆರೆದು ತೆಗೆದು, ಹರಳನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಬೇಕು. ಎಂಟು ತ್ರಿಕೋನ ಮುಖಗಳು ಒಂದೊಂದಾಗಿ ಮಿಂಚಿ ಮರೆಯಾಗುತ್ತವೆ. ಎದ್ದ ಮಕ್ಕಳು ಮೊದಲು ಓಡುವುದು ಈ ಲೋಟದ ಹತ್ತಿರಕ್ಕೇ. ಬಣ್ಣವಿಲ್ಲದ ಈ ಹರಳಿನ ಮುಂದೆ ಪೆಟ್ಟಿಗೆಯ ಚಿತ್ರ ಸಪ್ಪೆ. ಲೋಟದ ತಳದಲ್ಲಿ ಹೊಸ ಹರಳು ಕಟ್ಟಿದ್ದರೆ ದ್ರಾವಣವನ್ನು ಬೇರೆ ಲೋಟಕ್ಕೆ ಸೋಸಿಕೊಳ್ಳಿ, ಇಲ್ಲದಿದ್ದರೆ ನೇತಾಡುವ ಹರಳಿಗೆ ಸಿಗಬೇಕಾದ ಪಟಿಕವೆಲ್ಲ ಅವುಗಳ ಪಾಲಾಗುತ್ತದೆ.

ಒಣಗಾಳಿಗೆ ಬಿಟ್ಟರೆ ಹರಳು ತನ್ನೊಳಗಿನ ನೀರು ಕಳೆದುಕೊಂಡು ತಿಂಗಳುಗಳಲ್ಲಿ ಬೆಳ್ಳಗೆ ಮಂಕಾಗುತ್ತದೆ. ತೆಗೆದ ದಿನವೇ ಒರೆಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಿರಿ. ಕೆಟ್ಟ ಹರಳನ್ನು ಎಸೆಯಬೇಡಿ, ಬಿಸಿನೀರಿನಲ್ಲಿ ಕರಗಿಸಿ ಮತ್ತೆ ಬೆಳೆಸಬಹುದು. ಆರು ತಿಂಗಳಿಂದ ನಡೆಯುತ್ತಿರುವುದು ಅದೇ ಒಂದು ಪೊಟ್ಟಣ.