ಕಾಫಿ ತೋಟದಿಂದ ನಾಟಾ (ಕಡಿದ ಮರದ ದಿಮ್ಮಿ) ಎಳೆಸೋಕೆ ಆನೆ ಕರೆಸಿದ್ವಿ (ಕೊಡಗಿನ ಸಿದ್ದಾಪುರ ಕಡೆ)

ಸಮತಟ್ಟು ತೋಟ, ಒಳಗಿನ ತನಕ ರೋಡ್ ಇದೆ ಅನ್ನೋರಿಗೆ ಟ್ರ್ಯಾಕ್ಟರೇ ಸಾಕು, ಆನೆಗೆ ದುಡ್ಡು ಹಾಕ್ಬೇಡಿ. ನಮ್ದು ತೋಡಿನ (ಹಳ್ಳದ) ಕಡೆ ಇಳಿಯೋ ರೋಬಸ್ಟಾ ಕಾಫಿ ತೋಟ, ನೆರಳಿನ ಮರ ಎಲ್ಲಾ ದಪ್ಪ ದಪ್ಪ ಸಿಲ್ವರ್ ಓಕ್. ಹಿಂದೆ ಟ್ರ್ಯಾಕ್ಟರಿಗೆ ವಿಂಚ್ (ಹಗ್ಗ ಸುತ್ತಿ ಎಳೆಯೋ ಯಂತ್ರ) ಹಾಕಿ ಎಳೆಸಿದಾಗ ದಿಮ್ಮಿ ಅಡ್ಡ ತಿರುಗಿ ಕಾಫಿ ಗಿಡದ ಸಾಲೇ ಹೋಗಿತ್ತು, ಹೊಸ ಗಿಡ ನೆಟ್ರೆ ಫಸಲು ಕಾಣೋಕೆ 3-4 ವರ್ಷ ಬೇಕಲ್ವಾ, ಅದನ್ನೂ ಲೆಕ್ಕಕ್ಕೆ ಹಿಡಿದ್ರೆ ಟ್ರ್ಯಾಕ್ಟರ್ ಅಗ್ಗ ಅಲ್ವೇ ಅಲ್ಲ.

ಬಂದಿದ್ದು ಹೆಣ್ಣಾನೆ, ಜೊತೆಗೆ ಮಾವುತರು, ಅವರ ಸಹಾಯಕ ಕಾವಾಡಿ. ದಿಮ್ಮಿಗೆ ಹಗ್ಗ ಬಿಗಿದು ಕೊಟ್ರೆ ಅದರ ತುದಿನ ಹಲ್ಲಲ್ಲಿ ಕಚ್ಚಿ ಹಿಡ್ಕೊಂಡು ಎಳೀತಾಳೆ, ಇಳಿಜಾರಲ್ಲಿ ದಿಮ್ಮಿ ಉರುಳೋಕೆ ಶುರುವಾದ್ರೆ ಬಾಯಿ ಬಿಟ್ರೆ ಆಯ್ತು, ಮೈಗೆ ಕಟ್ಟಿದ ಸರಪಳಿ ಥರ ಆನೇನೂ ಜೊತೆಗೆ ಎಳ್ಕೊಂಡು ಹೋಗಲ್ಲ. ಗಿಡದ ಸಾಲು ಬಂತು ಅಂದ್ರೆ ನಿಂತು, ದಿಮ್ಮಿ ತುದಿನ ಸೊಂಡಿಲಲ್ಲಿ ಎತ್ತಿ ಪಕ್ಕಕ್ಕೆ ತಿರುಗಿಸಿ ಆಮೇಲೆ ಮುಂದೆ ಹೋಗ್ತಿದ್ಲು, ನೋಡಿ ನಮ್ಮ ತೋಟದ ಕೆಲಸ ನೋಡ್ಕೊಳ್ಳೋ ರೈಟರ್ ಮಾತೇ ಆಡ್ಲಿಲ್ಲ. ಕೊಂಬೆ ಮುರಿದಿದ್ದು ಅಲ್ಲೊಂದು ಇಲ್ಲೊಂದು ಅಷ್ಟೇ, ಬುಡ ಸಮೇತ ಕಿತ್ತಿದ್ದು ಒಂದೂ ಇಲ್ಲ. ಯುರೋಪಲ್ಲಿ ಈಗ್ಲೂ ಕೆಲವು ಕಡೆ ದೊಡ್ಡ ಜಾತಿ ಕುದುರೆ ಕಟ್ಟಿ ಕಾಡಿಂದ ಮರ ಎಳೀತಾರಲ್ಲ, ಅವ್ರಿಗೂ ಇದೇ ಕಾರಣ, ಮಷೀನ್ ಓಡಾಡಿದ ಮಣ್ಣು ಗಟ್ಟಿಯಾಗಿ ಬೇರು ಇಳಿಯಲ್ಲ.

ನನಗೆ ತುಂಬಾ ಇಷ್ಟ ಆಗಿದ್ದು ಮಾವುತರು. ಬಿಸಿಲೇರಿದ ಮೇಲೂ ಇನ್ನೆರಡು ದಿಮ್ಮಿ ಎಳೆಸಿ ಅಂತ ಮರದ ವ್ಯಾಪಾರಿ ಗಲಾಟೆ ಮಾಡಿದ್ರು, ಇವ್ರು ಆಗಲ್ಲ ಅಂದವ್ರೇ ತೋಡಿಗೆ ಕರ್ಕೊಂಡ್ ಹೋಗಿ ನೀರಲ್ಲಿ ಮಲಗಿಸಿ ಉಜ್ಜೋಕೆ ಕೂತ್ರು. ಅದೇ ಸರಿ. ಆನೆ ಮೈಮೇಲೆ, ಕಾಲಲ್ಲಿ ಗಾಯ ಇದ್ರೆ ಎಷ್ಟೇ ಕಮ್ಮಿ ರೇಟ್ ಹೇಳಿದ್ರೂ ವಾಪಸ್ ಕಳಿಸಿ ದಯವಿಟ್ಟು. ಓನರ್‌ಶಿಪ್ ಸರ್ಟಿಫಿಕೇಟೂ ಕೇಳಿ ನೋಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇರ್ಲೇಬೇಕು, ನಮಗೆ ಕೇಳಿದ ಕೂಡ್ಲೇ ತೋರಿಸಿದ್ರು.

ಬೇಜಾರಾಗಿದ್ದು ಏಜೆಂಟ್ ವಿಷಯ. ಆನೆ ಮೇವಿಗೆ ಬೈನೆ (ತಾಳೆ ಜಾತಿ ಮರ) ಸೊಪ್ಪು, ಹುಲ್ಲು ನಾವೇ ಕೊಡ್ಬೇಕು ಅಂತ ಮೊದ್ಲು ಹೇಳ್ಲೇ ಇಲ್ಲ, ಲಾರಿಗೆ ಲೋಡ್ ಮಾಡ್ಸೋದಕ್ಕೂ ಬೇರೆ ದುಡ್ಡು ಕೇಳಿದ್ರು. ಫೋನಲ್ಲೇ ಎಲ್ಲಾ ಮಾತಾಡ್ಕೊಳ್ಳಿ. ರಾತ್ರಿ ಎಲ್ಲಿ ಕಟ್ತಾರೆ ಅನ್ನೋದನ್ನೂ ಕೇಳಿ, ನಮ್ಮ ಕಡೆ ಕಾಡಾನೆ ಓಡಾಟ ಜಾಸ್ತಿ, ತೋಟದ ಒಳಗೆ ಒಂಟಿಯಾಗಿ ಕಟ್ಟೋಕೆ ಬಿಡ್ಬೇಡಿ.

ಕಾಫಿ ಕುಯ್ಲು ಮುಗಿದು ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬೀಳೋ ಮೊದ್ಲು ಎಲ್ಲರಿಗೂ ಆನೆ ಬೇಕು, ಹಾಗಾಗಿ ಮೊದ್ಲೇ ಹೇಳಿಡಿ. ಮೇಲಿನ ಬ್ಲಾಕಿನ ಮರ ಕಡಿಸುವಾಗ್ಲೂ ನಾನು ಇದೇ ಮಾವುತರನ್ನೇ ಕರೆಸ್ತೀನಿ, ಏಜೆಂಟ್ ಇಲ್ದೆ ನೇರವಾಗಿ.