ದಪ್ಪ ಟೈರಿನ ಎಲೆಕ್ಟ್ರಿಕ್ ಸೈಕಲ್: ಹಿಂದಿನ ಶಾಕ್ ನೋಡಿ ದುಡ್ಡು ಕೊಡಿ

ನಾಲ್ಕಿಂಚಿನ ದಪ್ಪ ಟೈರು, ಮುಂದೂ ಹಿಂದೂ ಸಸ್ಪೆನ್ಶನ್, 250 ವ್ಯಾಟಿನ ಮೋಟಾರು. ಇಷ್ಟೂ 60ರಿಂದ 80 ಸಾವಿರ ರೂಪಾಯಿಯೊಳಗೆ ಬರಬೇಕು ಎಂಬುದು ಪುಣೆಯಲ್ಲಿ ಬಾಣೇರ್, ಹಿಂಜವಡಿ, ಕೋಥ್ರೂಡ್ ಕಡೆ ಇರುವ ನಮ್ಮವರ ಲೆಕ್ಕ. ಆ ದುಡ್ಡಿಗೆ ತಯಾರಕರು ಎಲ್ಲಾದರೂ ಕೈ ಬಿಗಿ ಹಿಡಿಯಲೇಬೇಕು. ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಶಾಕ್‌ನಲ್ಲಿ (ಶಾಕ್ ಅಬ್ಸಾರ್ಬರ್), ಅದರ ಬುಷ್‌ಗಳಲ್ಲಿ, ಎಂದರೆ ಬೋಲ್ಟು ಆಡುವ ಜಾಗದ ಒಳಬಳೆಗಳಲ್ಲಿ. ಫೋಟೋದಲ್ಲಿ ಕೆಂಪು ಸ್ಪ್ರಿಂಗ್ ಚೆಂದ ಕಾಣುತ್ತದೆ, ಒಳಗೆ ಎಣ್ಣೆ ಇದೆಯೋ ಇಲ್ಲವೋ ಕಾಣುವುದಿಲ್ಲ. ಅದನ್ನು ಅಂಗಡಿಯಲ್ಲೇ ಹತ್ತು ನಿಮಿಷದಲ್ಲಿ ಕಂಡುಹಿಡಿಯಬಹುದು.

ಸೀಟಿನ ಮೇಲೆ ಎರಡೂ ಕೈಯಿಟ್ಟು ಮೈಭಾರ ಹಾಕಿ ಒತ್ತಿ, ತಟ್ಟನೆ ಬಿಡಿ. ಸೀಟು ಒಮ್ಮೆ ಮೇಲೆದ್ದು ನಿಂತರೆ ಶಾಕ್‌ನಲ್ಲಿ ಡ್ಯಾಂಪಿಂಗ್, ಎಂದರೆ ಎಣ್ಣೆಯಿಂದ ಕುಣಿತ ತಡೆಯುವ ಏರ್ಪಾಡು, ಇದೆ. ಎರಡು ಮೂರು ಸಲ ಕುಣಿದರೆ ಅದು ಬರೀ ಸ್ಪ್ರಿಂಗ್. ಹಂಪ್ ದಾಟಿದ ಮೇಲೆ ನಿಮ್ಮನ್ನು ಎತ್ತಿ ಒಗೆಯುವುದು ಅದೇ. ಆಮೇಲೆ ಸ್ಪ್ರಿಂಗಿನ ಮೇಲೆ ಅಚ್ಚಾದ ಅಂಕಿ ಓದಿ: 750, 1000, 1500 ಹೀಗೆ, ಸ್ಪ್ರಿಂಗನ್ನು ಒಂದಿಂಚು ಕುಗ್ಗಿಸಲು ಎಷ್ಟು ಪೌಂಡ್ ಬೇಕೆಂಬ ಲೆಕ್ಕದಲ್ಲಿರುತ್ತದೆ. ಅಂಕಿ ಹೆಚ್ಚಾದಷ್ಟೂ ಸ್ಪ್ರಿಂಗ್ ಬಿಗಿ. ನಿಮ್ಮ ತೂಕಕ್ಕೆ ಹೊಂದುತ್ತದೋ ಎಂದು ತಿಳಿಯಲು ಟೇಪು ಸಾಕು. ಶಾಕ್‌ನ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಇರುವ ಅಂತರವನ್ನು ಖಾಲಿ ಸೈಕಲ್ಲಿನಲ್ಲಿ ಅಳೆಯಿರಿ, ಹತ್ತಿ ಕೂತ ಮೇಲೆ ಇನ್ನೊಬ್ಬರಿಂದ ಅಳೆಸಿ. ಶಾಕ್‌ನ ಒಟ್ಟು ಓಟ, ಎಂದರೆ ಅದು ಪೂರ್ತಿ ಕುಗ್ಗಬಲ್ಲ ದೂರ, 30 ಮಿ.ಮೀ. ಇದ್ದರೆ 6ರಿಂದ 9 ಮಿ.ಮೀ. ಕುಗ್ಗಬೇಕು. ಎರಡೇ ಮಿ.ಮೀ. ಕುಗ್ಗಿದರೆ ಸ್ಪ್ರಿಂಗ್ ನಿಮಗೆ ಗಟ್ಟಿ, ಹಿಂದೆ ಶಾಕ್ ಇದ್ದೂ ಇಲ್ಲದ ಹಾಗೆ. 12 ದಾಟಿದರೆ ದೊಡ್ಡ ಗುಂಡಿಯಲ್ಲಿ ಲೋಹಕ್ಕೆ ಲೋಹ ಬಡಿಯುತ್ತದೆ. ಸ್ಪ್ರಿಂಗಿನ ತುದಿಯಲ್ಲಿರುವ ರಿಂಗ್ ತೋರಿಸಿ ‘ಇದನ್ನು ತಿರುಗಿಸಿದರೆ ಸರಿಹೋಗುತ್ತದೆ’ ಎಂದು ಅಂಗಡಿಯವರು ಹೇಳಬಹುದು. ಆ ರಿಂಗ್ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡುತ್ತದೆ, ಅಷ್ಟೇ. ಅದರ ಗಟ್ಟಿತನ ಬದಲಾಗುವುದಿಲ್ಲ. ಎರಡು ಸುತ್ತಿಗಿಂತ ಹೆಚ್ಚು ಬೇಕಾಯಿತೆಂದರೆ ಸ್ಪ್ರಿಂಗನ್ನೇ ಬದಲಿಸಿಕೊಡಲು ಕೇಳಿ.

ಇನ್ನು ಹಿಂಗಾಲಿಯನ್ನು ಹಿಡಿದಿರುವ ತೋಳು ಫ್ರೇಮಿಗೆ ಸೇರುವ ಕೀಲು. ಸೀಟು ಹಿಡಿದು ಹಿಂಗಾಲಿ ನೆಲ ಬಿಡುವಂತೆ ಎತ್ತಿಸಿ, ಗಾಲಿಯನ್ನು ಎಡಬಲ ಅಲ್ಲಾಡಿಸಿ. ‘ಟಕ್ ಟಕ್’ ಕೇಳಿಸಿದರೆ ಹೊಸ ಸೈಕಲ್ಲಿನಲ್ಲೇ ಕೀಲು ಸಡಿಲವಿದೆ ಎಂದರ್ಥ. ಕೀಲಿನಲ್ಲಿ ಸೀಲ್ಡ್ ಬೇರಿಂಗ್ ಇದ್ದರೆ ಒಳ್ಳೆಯದು. ಪ್ಲಾಸ್ಟಿಕ್ ಬುಷ್ ಇದ್ದರೆ ಪುಣೆಯ ಒಂದು ಮಳೆಗಾಲದ ಕೆಸರಿಗೆ ಅದು ಸವೆಯಲು ಶುರುವಾಗುತ್ತದೆ, ಆಗ ಬ್ರೇಕ್ ಹಿಡಿದಾಗಲೆಲ್ಲ ಹಿಂಭಾಗ ನುಲಿಯುತ್ತದೆ. ಅಲ್ಲೇ ಮೋಟಾರಿನ ಕೇಬಲ್ ಕೂಡ ನೋಡಿ. ಕೀಲಿನ ಹತ್ತಿರ ಅದಕ್ಕೆ ಒಂದು ಸಡಿಲ ಬಳುಕು ಇರಬೇಕು. ಟೈ ಹಾಕಿ ಬಿಗಿದಿದ್ದರೆ ತೋಳು ಮೇಲೆ ಕೆಳಗೆ ಆಡಿದಂತೆಲ್ಲ ತಂತಿ ಎಳೆದು ಎಳೆದು ಒಳಗೇ ಕಡಿಯುತ್ತದೆ. ಹಾಗೇ ಗೇರನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ ಚೈನು ಮತ್ತು ಟೈರಿನ ನಡುವೆ ಪೆನ್ಸಿಲ್ ತೂರಿಸಿ ನೋಡಿ. ಪೆನ್ಸಿಲ್ ಹೋಗದಿದ್ದರೆ ಕೆಸರು ಮೆತ್ತಿದ ದಿನ ಚೈನು ಟೈರನ್ನು ಉಜ್ಜುತ್ತದೆ.

ಡ್ಯಾಂಪಿಂಗ್, ಸ್ಪ್ರಿಂಗ್, ಕೀಲು ಈ ಮೂರರಲ್ಲಿ ಎರಡು ತಪ್ಪಿದರೂ ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಫ್ಯಾಟ್ ಟೈರ್ ಸೈಕಲ್ ಕೊಳ್ಳುವುದೇ ಮೇಲು. ಕಾರಣವಿದೆ. ಹಬ್ ಮೋಟಾರು ಕೂತಿರುವುದು ಹಿಂಗಾಲಿಯ ನಡುವೆ, ಅದೇ ಮೂರು ನಾಲ್ಕು ಕೆ.ಜಿ.; ಮೇಲೆ ದಪ್ಪ ಟೈರು, ಅಗಲ ರಿಮ್ಮು. ಇಷ್ಟು ಭಾರದ ಗಾಲಿಯನ್ನು ಗುಂಡಿಯೊಳಗೆ ಇಳಿಸಿ ಎತ್ತುವ ಕೆಲಸ ಅಗ್ಗದ ಶಾಕ್‌ನ ಕೈಲಾಗುವುದಿಲ್ಲ. ಆ ಕೆಲಸದ ಅರ್ಧ ಪಾಲು ಟೈರೇ ಮಾಡಬಲ್ಲದು, ಗಾಳಿ ಸರಿಯಿದ್ದರೆ. 75 ಕೆ.ಜಿ. ತೂಕದವರು ಊರೊಳಗಿನ ರಸ್ತೆಗೆ ಹಿಂದೆ 18ರಿಂದ 20 ಪಿಎಸ್‌ಐ, ಮುಂದೆ 14ರಿಂದ 16 ಇಟ್ಟು ಶುರುಮಾಡಬಹುದು. ಟೈರಿನ ಬದಿಯಲ್ಲಿ ಬರೆದ ಮಿತಿ ಮೀರಬಾರದು. 28ಕ್ಕೆ ಏರಿಸಿದರೆ ಚೆಂಡಿನ ಹಾಗೆ ಪುಟಿಯುತ್ತದೆ. 8ಕ್ಕಿಂತ ಇಳಿಸಿದರೆ ಹ್ಯಾಂಡಲ್ ತಾನೇ ಒಂದು ಕಡೆ ಎಳೆಯುತ್ತದೆ, ಕಲ್ಲಿಗೆ ರಿಮ್ಮು ಬಡಿಯುತ್ತದೆ. ಎರಡು ಮೂರು ಪಿಎಸ್‌ಐ ವ್ಯತ್ಯಾಸವೇ ಇಲ್ಲಿ ದೊಡ್ಡದು. ಪೆಟ್ರೋಲ್ ಬಂಕಿನ ಮೀಟರು ಇಷ್ಟು ಸೂಕ್ಷ್ಮ ತೋರಿಸುವುದಿಲ್ಲ, 0ಯಿಂದ 30ರವರೆಗಿನ ಚಿಕ್ಕ ಗೇಜ್ ಒಂದನ್ನು ಸೈಕಲ್ ಜೊತೆಗೇ ಕೊಂಡುಬಿಡಿ.

ಮೋಟಾರಿನ ವಿಷಯದಲ್ಲಿ ಆಸೆಗೆ ಬೀಳಬೇಡಿ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮೋಟಾರು ಅರ್ಧ ಗಂಟೆ ಸತತ ಕೊಡುವ ಶಕ್ತಿ 250 ವ್ಯಾಟಿಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ.ಗಿಂತ ಕಡಿಮೆ ಇದ್ದರೆ ಮಾತ್ರ ಅದು ಸೈಕಲ್. ನೋಂದಣಿ ಬೇಡ, ಲೈಸೆನ್ಸ್ ಬೇಡ. 750 ವ್ಯಾಟಿನದನ್ನು ‘ನಂಬರ್ ಪ್ಲೇಟ್ ಬೇಕಿಲ್ಲ’ ಎಂದು ಮಾರಿದರೆ, ಅಪಘಾತವಾದ ದಿನ ತೊಂದರೆಗೆ ಸಿಕ್ಕುವವರು ನೀವು.

ಬ್ಯಾಟರಿಗೆ ಲೆಕ್ಕ ಹಾಕಿ. 36 ವೋಲ್ಟ್, 10.4 ಆಂಪಿಯರ್ ಅವರ್ ಎಂದರೆ 374 ವ್ಯಾಟ್ ಅವರ್. ದಪ್ಪ ಟೈರಿಗೆ ಪೆಡಲ್ ತುಳಿಯುತ್ತಾ ಹೋದರೆ ಕಿ.ಮೀ.ಗೆ ಸುಮಾರು 12 ವ್ಯಾಟ್ ಅವರ್, ಬರೀ ಥ್ರಾಟಲ್ (ಹ್ಯಾಂಡಲ್ಲಿನ ಆಕ್ಸಿಲರೇಟರ್) ಹಿಡಿದರೆ 15ರಿಂದ 20 ಖರ್ಚು. ಅಂದರೆ ಸುಮಾರು 19ರಿಂದ 31 ಕಿ.ಮೀ.; ಡಬ್ಬಿಯ ಮೇಲೆ ಬರೆದ 60 ಅಲ್ಲ. ಈಗ ಪುಣೆ ಹತ್ತಿರದ ಸಿಂಹಗಡ ಕೋಟೆಯ ಘಾಟ್ ರಸ್ತೆ ನೋಡಿ. 600 ಮೀಟರ್ ಏರು ಎಂದು ಹಿಡಿಯೋಣ, ಸವಾರ ಮತ್ತು ಸೈಕಲ್ ಸೇರಿ 107 ಕೆ.ಜಿ. ಆ ಭಾರ ಎತ್ತುವುದಕ್ಕೇ 175 ವ್ಯಾಟ್ ಅವರ್ ಬೇಕು, ಮೋಟಾರಿನ ನಷ್ಟ ಸೇರಿದರೆ 250ರ ಆಸುಪಾಸು. ಸ್ವಾರ್‌ಗೇಟಿನಿಂದ ಗುಡ್ಡದ ಬುಡಕ್ಕೆ ಹೋಗುವಷ್ಟರಲ್ಲಿ 20 ಕಿ.ಮೀ. ಮೇಲಾಗಿರುತ್ತದೆ, ಅಲ್ಲೇ 240 ಮುಗಿದಿರುತ್ತದೆ. ಹಾಗಾಗಿ ಘಾಟ್ ಆಸೆ ಇರುವವರು 48 ವೋಲ್ಟ್, 13 ಆಂಪಿಯರ್ ಅವರ್‌ನ ಬ್ಯಾಟರಿ, ಎಂದರೆ 624 ವ್ಯಾಟ್ ಅವರ್, ಇರುವುದನ್ನೇ ಹುಡುಕಬೇಕು. ಆಗಲೂ ಕಾಲು ಆಡಿಸಲೇಬೇಕು. ತುಳಿಯದೆ ಹತ್ತಿದರೆ ಗಂಟೆಗೆ 8-9 ಕಿ.ಮೀ.ಗೆ ಇಳಿಯುತ್ತದೆ. 25ರ ವೇಗಕ್ಕೆಂದು ಮಾಡಿದ ಹಬ್ ಮೋಟಾರು ಅಷ್ಟು ನಿಧಾನ ತಿರುಗುವಾಗ ಕರೆಂಟು ಶಾಖವಾಗಿ ಪೋಲಾಗುತ್ತದೆ, ಒಳಗಿನ ನೈಲಾನ್ ಗೇರುಗಳ ಹಲ್ಲು ಮೊದಲು ಸೋಲುತ್ತದೆ. ಬ್ಯಾಟರಿ ಫ್ರೇಮಿನಿಂದ ಹೊರಬರುವಂಥದ್ದೇ ಇರಲಿ: 32 ಕೆ.ಜಿ. ಸೈಕಲ್ಲನ್ನು ಸೊಸೈಟಿಯ ಮೂರನೇ ಮಹಡಿಗೆ ದಿನಾ ಹೊರಲಾಗುವುದಿಲ್ಲ.

ಬ್ರೇಕ್ ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಡಿಸ್ಕೇ ಬೇಕು, ರೋಟರ್ ಎಂಬ ಅದರ ತಟ್ಟೆ 180 ಮಿ.ಮೀ. ಈ ತೂಕಕ್ಕೆ ಕೇಬಲ್ ಡಿಸ್ಕ್ ಸಾಲದು.

ಪಂಕ್ಚರ್ ಕೆಲಸವನ್ನು ಕೊಳ್ಳುವ ದಿನವೇ ಒಮ್ಮೆ ಮಾಡಿ ತೋರಿಸಲು ಕೇಳಿ. ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಮೋಟಾರಿನ ಕನೆಕ್ಟರನ್ನು ತಿರುಚದೆ ನೇರ ಎಳೆಯಿರಿ. ಆಕ್ಸಲ್ ನಟ್‌ಗೆ ಸಾಮಾನ್ಯವಾಗಿ 18 ನಂಬರ್ ಪಾನಾ. ನಟ್‌ಗೂ ಫ್ರೇಮಿಗೂ ನಡುವೆ ಮೂಗಿನಂಥ ಚಾಚು ಇರುವ ವಾಷರ್ ಇರುತ್ತದೆ, ಯಾವ ಕಡೆ ಮುಖ ಮಾಡಿತ್ತೆಂದು ಫೋಟೋ ತೆಗೆದಿಟ್ಟುಕೊಳ್ಳಿ. ಆ ಚಾಚು ಫ್ರೇಮಿನ ಸಂದಿಯೊಳಗೆ ಕೂತರೇನೇ ಆಕ್ಸಲ್ ಗಟ್ಟಿ ನಿಲ್ಲುವುದು. ಉಲ್ಟಾ ಹಾಕಿದರೆ ಜೋರಾಗಿ ಥ್ರಾಟಲ್ ಕೊಟ್ಟಾಗ ಆಕ್ಸಲ್ಲೇ ತಿರುಗಿ ಕೇಬಲ್ಲನ್ನು ಕತ್ತರಿಸುತ್ತದೆ, ಪಂಕ್ಚರಿನ ಖರ್ಚು ಮೋಟಾರಿನ ಖರ್ಚಾಗುತ್ತದೆ. ಕನೆಕ್ಟರ್ ಮತ್ತೆ ಹಾಕುವಾಗ ಎರಡು ಬಾಣದ ಗುರುತು ಎದುರುಬದುರಾಗಬೇಕು. 20×4 ಅಥವಾ 26×4 ಟ್ಯೂಬು ರಸ್ತೆಬದಿಯ ಅಂಗಡಿಯಲ್ಲಿ ಸಿಗುವುದು ಕಷ್ಟ, ಒಂದು ಮನೆಯಲ್ಲಿರಲಿ.

ಶಾಕ್‌ನ ಬುಷ್, ಡಿಸ್‌ಪ್ಲೇ, ಕಂಟ್ರೋಲರ್ ಪುಣೆಯಲ್ಲೇ ಸಿಗುತ್ತದೆಯೇ, ಎಷ್ಟು ದಿನಕ್ಕೆ ಎಂದು ಕೇಳದೆ ಮುಂಗಡ ಕೊಡಬೇಡಿ. ಇಮೋಟೋರಾಡ್ ಪುಣೆಯದೇ ಕಂಪನಿ, ಅವರ ಡೂಡಲ್ 20×4 ಟೈರಿನ ಮಡಚುವ ಸೈಕಲ್. ಹೋಲಿಸಿ ನೋಡಲು ಅದನ್ನೊಮ್ಮೆ ಓಡಿಸಿ ಬನ್ನಿ. ಬಿಲ್ಲಿನಲ್ಲಿ ಫ್ರೇಮ್, ಮೋಟಾರು, ಬ್ಯಾಟರಿ ಮೂರರ ನಂಬರೂ ಬೇರೆಬೇರೆಯಾಗಿ ಇರಲಿ, ಮೋಟಾರಿನ ಮುಂದೆ 250 ವ್ಯಾಟ್ ಎಂದು ಬರೆಸಿಕೊಳ್ಳಿ, ಬ್ಯಾಟರಿಯ ವಾರಂಟಿ ಎಷ್ಟು ತಿಂಗಳು ಎಂಬುದನ್ನೂ ಅಲ್ಲೇ ಬರೆಸಿ.